ಮುಂಬಾಗಿಲ ವಾಲಗ

"ತುಂಬಿಸ್ಕೊಳ್ಳಾದಾ, ಕಳ್ಸಾದಾ?" ಎಂದು ತೋಟಪ್ಪ ಕೇಳಿದ.

ಕಮಲಕ್ಕನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ದಾವಣಗೆರೆಯಿಂದ ಹರಿಹರದವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ತೋಟಪ್ಪನ ಮನೆಯ ಜಗಲಿಯ ಮೇಲೆ ಕೂತು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ತೋಟಪ್ಪ ವಾಲಗದ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಪಂಚೆಯ ತುಂಡಿನಿಂದ ಉಜ್ಜುತ್ತಿದ್ದ.

"ಮನೆಗೆ ಸೊಸೆ ಬರಾವಾಗ ಹೊಸ್ತಿಲ ಮುಂದೆ ನುಡ್ಸಾದು ಒಂದು ಐತೆ, ಮಗಳು ಹೋಗಾವಾಗ ನುಡ್ಸಾದು ಇನ್ನೊಂದು ಐತೆ. ತಾಳಿ ಹೊತ್ತಿಗೆ ಊದಾದು ಎಲ್ರಿಗೂ ಒಂದೇ ಬಿಡ್ರಿ. ಕಡೀಗೆ ಯಾವುದು ಅಂತ ಕೇಳಿದೆ."

"ಕಳ್ಸಾದು," ಎಂದಳು ಕಮಲಕ್ಕ.

ತೋಟಪ್ಪ ಉಜ್ಜುವುದನ್ನು ನಿಲ್ಲಿಸಿದ. "ನಿಮಗೆ ಇದ್ದಾವ ಒಬ್ನೇ ಮಗ. ಅವನ ಮದುವೆಗೆ ನಾನೇ ಬಂದಿದ್ದೆ. ಮಗಳು ಎಲ್ಲಿಂದ ಬಂದ್ಲು ಕಮಲಕ್ಕ?"

"ಅವನೇ ತಂದು ಬಿಟ್ಟು ಹೋದ."

ಹೆದ್ದಾರಿಯ ಮೇಲೆ ಲಾರಿ ಬಡಿದು ಮಗ ಅರುಣ್ ಕುಮಾರ್ ಹೋದ ಸುದ್ದಿ ತೋಟಪ್ಪನಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಆಮೇಲಿನ ಮಾತು. ಸೊಸೆ ಸುಧಾಳ ಅಣ್ಣ ಮಣ್ಣಿಗೆ ಬಂದು, ಇವಳು ಇನ್ನು ನಿಮ್ಮ ಮನೆಯ ಹೆಣ್ಣು ಎಂದು ಹೇಳಿ ಮಾಯಕೊಂಡದ ಬಸ್ಸು ಹತ್ತಿದವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಅವಳು ನಿಜಲಿಂಗಪ್ಪ ಬಡಾವಣೆಯ ಒಂದು ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕೆ ಸೇರಿ ಅತ್ತೆ ಮಾವನ ಜೊತೆಯಲ್ಲೇ ಉಳಿದಳು. ಈಗ ಕಮಲಕ್ಕನೇ ಮುಂದೆ ನಿಂತು, ಹರಿಹರದಲ್ಲಿ ಲೇತ್ ಅಂಗಡಿ ಇಟ್ಟುಕೊಂಡಿರುವ ಹಾಲೇಶನಿಗೆ ಅವಳನ್ನು ಗೊತ್ತುಮಾಡಿದ್ದಳು. ಅವನಿಗೂ ಹೆಂಡತಿ ಸತ್ತಿದ್ದಳು. ಮಾತು ಕಡಿಮೆ, ಕಣ್ಣಲ್ಲಿ ಮರ್ಯಾದೆ ಇತ್ತು. ಅಷ್ಟು ಸಾಕು ಎಂದುಕೊಂಡಿದ್ದಳು ಕಮಲಕ್ಕ.

ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವುದಕ್ಕೆ ಅವರ ಪೈಕಿ ಅಡ್ಡಿಯೇನೂ ಇಲ್ಲ. ಉಡಿಕೆ ಎನ್ನುತ್ತಾರೆ. ಆದರೆ ಬೆಳಕು ಹರಿಯುವ ಮೊದಲೇ ಒಂದು ಸೀರೆ ಉಡಿಸಿ, ಹಿತ್ತಲ ಬಾಗಿಲಿಂದ ಸದ್ದಿಲ್ಲದೆ ಕಳಿಸಬೇಕು. ಚಪ್ಪರ ಇಲ್ಲ, ವಾಲಗವಂತೂ ಇಲ್ಲವೇ ಇಲ್ಲ. ಮದುವೆಯೋ ಕಳ್ಳತನವೋ ಪಕ್ಕದ ಮನೆಗೂ ತಿಳಿಯಬಾರದು.

"ಉಡಿಕೆಗೆ ನಮ್ಮಪ್ಪನೂ ಊದಿಲ್ಲ, ನಮ್ಮಜ್ಜನೂ ಊದಿಲ್ಲ," ಎಂದ ತೋಟಪ್ಪ.

"ಅವ್ರನ್ನ ಯಾರೂ ಕರೆದಿರ್ಲಿಲ್ಲ ಬಿಡು ತೋಟಣ್ಣ. ನಿನ್ನ ಕರಿಯಾಕೆ ನಾನು ಬಂದೀನಲ್ಲ."

ತೋಟಪ್ಪ ನಕ್ಕ. ಪೀಪಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು ಕಳಿಸುವ ರಾಗವನ್ನು ಮೆಲ್ಲಗೆ ಒಂದೆರಡು ಎಳೆ ಎಳೆದ. ಅದನ್ನು ಕಮಲಕ್ಕ ಬೇರೆಯವರ ಮನೆಯ ಬಾಗಿಲಲ್ಲಿ ಎಷ್ಟೋ ಸಲ ಕೇಳಿದ್ದಳು. ಕೇಳಿ, ಕಣ್ಣೊರೆಸಿಕೊಂಡು, ಹೋಳಿಗೆ ಊಟ ಮಾಡಿ ಮನೆಗೆ ಬಂದಿದ್ದಳು. ತನ್ನ ಮನೆಗೆಂದು ಕೇಳಿದ್ದು ಇದೇ ಮೊದಲು. ಅಷ್ಟರಲ್ಲಿ ತೋಟಪ್ಪನ ಬೆರಳು ರೂಢಿಯ ಮೇಲೆ ಇನ್ನೊಂದಕ್ಕೆ ಜಾರಿತು. ಸುಧಾ ಸೇರಕ್ಕಿ ಒದ್ದು ಒಳಗೆ ಬಂದ ದಿನ ನುಡಿಸಿದ ರಾಗ. ಬಾಗಿಲಿಗೆ ಅಡ್ಡ ನಿಂತು ಅರುಣ ಹಲ್ಲು ಕಿರಿದಿದ್ದು ಕಮಲಕ್ಕನ ಕಣ್ಣ ಮುಂದೆ ಬಂತು. ಅವಳು ಕೈ ಎತ್ತಿದಳು.

"ಅದು ಬ್ಯಾಡ. ಅದೊಂದು ಬ್ಯಾಡ ತೋಟಣ್ಣ."

ಸಂಜೆ ಮನೆಯಲ್ಲಿ ಸುದ್ದಿ ಹೇಳಿದಾಗ ಗಂಡ ಕಾಟಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದ. ಮುಚ್ಚಿಹೋದ ಮಿಲ್ಲಿನಲ್ಲಿ ದುಡಿದವನು. ಮೊದಲೇ ಮಾತು ಕಡಿಮೆ, ಮಗ ಹೋದಮೇಲೆ ಇನ್ನೂ ಕಡಿಮೆ.

"ಉಡಿಕೆಗೆ ವಾಲಗನಾ? ಊರ ಬಾಯಿ ಸುಮ್ನಿರ್ತೈತಾ?"

"ಊರ ಬಾಯಿಗೆ ಮಂಡಕ್ಕಿ ಮೆಣಸಿನಕಾಯಿ ಹಾಕಾಣ ಬಿಡ್ರಿ. ತಿನ್ನಾವಾಗ ಯಾರು ಮಾತಾಡ್ತಾರೆ?"

ಕಾಟಪ್ಪ ನಗಲಿಲ್ಲ. ಊರಿಗೆ ಹೆದರುವ ಆಸಾಮಿ ಅವನಲ್ಲ ಎಂಬುದು ಕಮಲಕ್ಕನಿಗೆ ಗೊತ್ತಿತ್ತು. ಮಗ ಹೋದಂದಿನಿಂದ ಮನೆಯ ರೇಡಿಯೋದ ಮೇಲೆ ಒಂದು ಟವೆಲ್ಲು ಬಿದ್ದಿತ್ತು. ಓಣಿಯಲ್ಲಿ ಯಾರ ಮದುವೆಯ ವಾಲಗ ಹೋದರೂ ಅವನು ಎದ್ದು ಮುಂಬಾಗಿಲು ಹಾಕುತ್ತಿದ್ದ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಸದ್ದು ಪೂರ್ತಿ ಅಡಗುವ ತನಕ ಗೋಡೆ ನೋಡುತ್ತ ಕೂರುತ್ತಿದ್ದ.

"ನನ್ನ ಕೈಲಿ ಆಗಲ್ಲ ಕಮ್ಲಿ," ಎಂದ ಕೊನೆಗೆ. "ಅದೇ ಬಾಗ್ಲು, ಅದೇ ತೋಟಪ್ಪ. ಬೆಳಗಾಗಾದ್ರಾಗೆ ಕಳಿಸಿಬಿಡಾಣ. ನಾನೇನು ಆ ಹುಡುಗಿ ಮದುವೆ ಬ್ಯಾಡ ಅಂದ್ನಾ?"

ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಸುಧಾಳ ಬಳೆಯ ಸದ್ದು ನಿಂತಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ, ಕಮಲಕ್ಕ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿರುವಾಗ ಜಗಲಿಯಲ್ಲಿ ತೋಟಪ್ಪನ ದನಿ ಕೇಳಿಸಿತು.

"ನಮ್ಮ ಓಣಿ ಕಿರಾಣಿ ಅಂಗಡಿಗೆ ನಿಮ್ಮ ಸುಧಾ ಫೋನ್ ಮಾಡಿತ್ತು ಕಾಟಣ್ಣ. ವಾಲಗ ಬ್ಯಾಡ, ಬರ್ಬ್ಯಾಡ್ರಿ ಅಂತ. ಹೇಳಿದಾರು ಒಬ್ರು, ಬ್ಯಾಡ ಅಂದಾರು ಒಬ್ರು. ಫೋನಿನ ಮಾತು ನಂಬಿ ಕೂರಾಕೆ ಆಗಲ್ಲ ಅಂತ ನಾನೇ ಬಂದೆ."

"ಯಾಕ ಬ್ಯಾಡಂತೆ?" ಎಂದು ಕಾಟಪ್ಪ ಕೇಳಿದ.

"ನಮ್ಮ ಮಾವಗೆ ಆ ಸದ್ದು ತಡ್ಕಳಾಕೆ ಆಗಲ್ಲ ಅಂತು. ನನ್ನ ಮದುವೆ ದಿನ ಅವ್ರು ಹಿತ್ಲಾಗೆ ಹೋಗಿ ಕೂತ್ರೆ ನಾನು ಯಾರಿಗೆ ನಮಸ್ಕಾರ ಮಾಡ್ಲಿ ಅಂತು."

ಕಮಲಕ್ಕನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಹಿಟ್ಟು ಮತ್ತೆ ಉಂಡೆ ಮಾಡುತ್ತ ಕಿವಿಗೊಟ್ಟಳು. ಆಮೇಲೆ ಕಾಟಪ್ಪ, "ಬಾ, ಚಾ ಕುಡ್ಯಾಣ," ಎಂದದ್ದೂ ಇಬ್ಬರ ಚಪ್ಪಲಿಯ ಸದ್ದು ದೂರವಾದದ್ದೂ ಕೇಳಿಸಿತು. ಅವನು ಮರಳಿ ಬಂದಾಗ, ತೋಟಪ್ಪ ಏನಂದ ಎಂದು ಅವಳು ಕೇಳಿದ್ದಕ್ಕೆ, "ಬರ್ತಾನೆ," ಎಂದಷ್ಟೇ ಹೇಳಿ ರೊಟ್ಟಿಗೆ ಕೂತ.

ಬೂತಿನಿಂದ ಸುಧಾ ಬಂದಾಗ ಕಮಲಕ್ಕ ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಬೈಯುವುದಿದ್ದರೆ ಅವಳು ಹೀಗೆಯೇ ಶುರು ಮಾಡುತ್ತಿದ್ದಳು.

"ಯಾಕ ಹಂಗೆ ಮಾಡ್ದೆ?"

"ನಾನು ಹಿತ್ಲ ಬಾಗ್ಲಿಂದ್ಲೇ ಹೋಗ್ತೀನಿ ಅತ್ತೆ. ನಂಗೇನೂ ಬೇಜಾರಿಲ್ಲ. ನಿಮಗೂ ನೋವಾಗ್ತೈತೆ, ನಂಗೊತ್ತು."

"ಆಗ್ತೈತೆ. ಆಗಲ್ಲ ಅಂತ ಯಾರಂದ್ರು? ವಾಲಗದ ನೋವು ಒಂದು ದಿನದ್ದು. ನಿನ್ನ ಹಿತ್ಲಿಂದ ಕಳಿಸಿದ್ರೆ ನೀರು ತರಾಕೆ ಹೋದಾಗೆಲ್ಲ ನಾನು ಆ ಬಾಗ್ಲ ನೋಡ್ಬೇಕಲ್ಲ."

ಸುಧಾ ಹಿಂದಕ್ಕೆ ಒರಗಿ ಅತ್ತೆಯ ಮೊಣಕಾಲಿಗೆ ತಲೆ ಆನಿಸಿದಳು. ಎಣ್ಣೆಗೈಯಲ್ಲೇ ಕಮಲಕ್ಕ ಅವಳ ಕಣ್ಣು ಒರೆಸಿದಳು. ಅದರಿಂದ ಕಣ್ಣು ಉರಿದು ಇನ್ನಷ್ಟು ನೀರು ಬಂತು, ಇಬ್ಬರೂ ನಕ್ಕರು.

ಮದುವೆ ಹಾಡಹಗಲಲ್ಲೇ ಆಯಿತು. ಮನೆಯ ಮುಂದೆ ನಾಲ್ಕು ಗಳ ನೆಟ್ಟು ಹಸಿರು ಚಪ್ಪರ ಹಾಕಿದ್ದರು. ಲೋಕಿಕೆರೆಯಿಂದ ಬಂದ ಕಾಟಪ್ಪನ ಅಕ್ಕ ಕೆಂಚಕ್ಕ, ಇಂಥದ್ದನ್ನು ತಾನು ಕಂಡಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಚಾಪೆಯ ತುದಿಯಲ್ಲಿ ಮುಖ ತಿರುವಿಕೊಂಡು ಕೂತಳು. ಆದರೆ ಎದ್ದು ಹೋಗಲಿಲ್ಲ. ಹಾಲೇಶ ತಾಳಿ ಕಟ್ಟುವಾಗ ತೋಟಪ್ಪನ ವಾಲಗ, ಡೋಲು ಒಟ್ಟಿಗೆ ಎದ್ದವು. ಕಮಲಕ್ಕ ಅಕ್ಕಿ ಕಾಳು ಹಾಕುತ್ತ ಗಂಡನನ್ನೇ ನೋಡುತ್ತಿದ್ದಳು. ಕಾಟಪ್ಪ ಚಪ್ಪರದ ಗಳವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಹಿತ್ತಲಿಗೆ ಹೋಗಲಿಲ್ಲ.

ಊಟ ಮುಗಿದು ಹೊರಡುವ ಹೊತ್ತಾಯಿತು. ಓಣಿ ಇಕ್ಕಟ್ಟಾದ್ದರಿಂದ ಹಾಲೇಶ ತಂದ ಮೆಟಡಾರ್ ದೊಡ್ಡ ರಸ್ತೆಯಲ್ಲೇ ನಿಂತಿತ್ತು. ಚಪ್ಪರದಡಿ ಸುಧಾಳಿಗೆ ಉಡಿ ತುಂಬಿದ ಕಮಲಕ್ಕ, ಇನ್ನು ತಡೆದರೆ ತನಗೇ ಆಗುವುದಿಲ್ಲ ಎನ್ನಿಸಿ, ತೋಟಪ್ಪನ ಕಡೆ ತಲೆ ಆಡಿಸಿದಳು.

ತೋಟಪ್ಪ ಊದಿದ. ಮೊದಲ ಎಳೆಗೇ ಕಮಲಕ್ಕನಿಗೆ ತಿಳಿಯಿತು. ಅದು ಕಳಿಸುವ ರಾಗವಲ್ಲ. ಬೇಡ ಎಂದು ಕೈ ಎತ್ತಿ ಹೇಳಿ ಬಂದದ್ದೇ ಅದು.

"ಏ ತೋಟ," ಎಂದಳು ಕೆಂಚಕ್ಕ, "ಇದು ಸೊಸೆ ತುಂಬಿಸ್ಕೊಳ್ಳಾದಲ್ಲೇನೋ. ಹೋಗಾಕಿಗೆ ಇದನ್ನ ಊದ್ತಾರೇನೋ?"

ತೋಟಪ್ಪ ನಿಲ್ಲಿಸಲಿಲ್ಲ. ಅವನ ಕಣ್ಣು ಮನೆಯ ಬಾಗಿಲ ಮೇಲಿತ್ತು. ಒಳಗಿನಿಂದ ಕಾಟಪ್ಪ ಬಂದ. ಕೈಯಲ್ಲಿ ಹಿತ್ತಾಳೆಯ ಸೇರು, ಅದರ ತುಂಬ ಗೋಪುರ ಕಟ್ಟಿದ ಅಕ್ಕಿ. ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ ಅದನ್ನು ಹೊಸ್ತಿಲ ಮೇಲಿಟ್ಟ. ಒಂದಷ್ಟು ಕಾಳು ಚೆಲ್ಲಿದವು.

"ನಾನೇ ಹೇಳಿದ್ದು ಅಕ್ಕ," ಎಂದ, ತಲೆ ಎತ್ತದೆ. "ಆವತ್ತು ಸೊಸೆಯಾಗಿ ಬಂದಿದ್ಲು. ಇವತ್ತು ಒಂದ್ಸಲ ಮಗಳಾಗಿ ಬರ್ಲಿ. ಆಮೇಲೆ ಕಳ್ಸಾಣ." ಆಮೇಲೆ ಹಾಲೇಶನ ಕಡೆ ನೋಡಿ, "ನೀನೂ ಬಾರಪ್ಪ," ಎಂದ.

ಸುಧಾಳಿಗೆ ಹೆಜ್ಜೆ ಕಾಣಿಸುತ್ತಿರಲಿಲ್ಲ. ಹಾಲೇಶ ಅವಳ ಮೊಣಕೈ ಹಿಡಿದುಕೊಂಡ. ಅವಳ ಬಲಗಾಲು ತಾಗಿ ಸೇರು ಉರುಳಿತು. ಅಕ್ಕಿ ನಡುಮನೆಯಲ್ಲಿ ಹರಡಿಕೊಂಡಿತು. ಅವಳು ಬಗ್ಗಿ ಕಾಟಪ್ಪನ ಕಾಲು ಮುಟ್ಟಿದಳು. ಅವನು ಅವಳ ನೆತ್ತಿಯ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ಕೆಂಚಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಆಮೇಲೆ ತೋಟಪ್ಪ ಕಳಿಸುವ ರಾಗ ನುಡಿಸಿದ. ಮುಂದೆ ವಾಲಗ, ಹಿಂದೆ ಹೆಣ್ಣು ಗಂಡು, ಅವರ ಹಿಂದೆ ಓಣಿಯ ಜನ. ತಿರುವಿನಲ್ಲಿ ಸುಧಾ ನಿಂತು ತಿರುಗಿ ನೋಡಿದಳು. ಕಮಲಕ್ಕ ಕೈ ಬೀಸಿದಳು.

ಅವಳು ಕಸಬರಿಗೆ, ಮೊರ ಹಿಡಿದು ಬರುವ ಹೊತ್ತಿಗೆ ಕಾಟಪ್ಪ ಹೊಸ್ತಿಲ ಒಂದು ಬದಿಗೆ ಗೋಡೆಗೆ ಒರಗಿ ಕೂತಿದ್ದ. ಬಾಗಿಲು ತೆರೆದೇ ಇತ್ತು. ದೊಡ್ಡ ರಸ್ತೆಯ ಕಡೆಯಿಂದ ವಾಲಗ ಇನ್ನೂ ಸಣ್ಣಗೆ ಕೇಳಿಸುತ್ತಿತ್ತು.

"ಇರ್ಲಿ ಬಿಡು, ಆಮೇಲೆ ಗುಡ್ಸಿದ್ರಾತು," ಎಂದ.

ಕಮಲಕ್ಕ ಮೊರವನ್ನು ಕೆಳಗಿಟ್ಟಳು. ಅಕ್ಕಿಯನ್ನು ತುಳಿಯದಂತೆ ಸೀರೆ ಎತ್ತಿ ಹಿಡಿದು ದಾಟಿ, ಬಾಗಿಲ ಇನ್ನೊಂದು ಬದಿಗೆ ಕೂತಳು.