ಮುರುಗೇಶನ ನೋಟ್‌ಬುಕ್ಕು

“‘ಪಂಪೇಶ, ನಂಗ ಮುಟ್ಟು ನಿಂತು ಹತ್ತು ದಿನ ಆತು, ಭಾಳ ಹೆದರಿಕಿ ಆಗೇತಿ.’ ಕೇಳ್ರಲೇ! ನಮ್ಮ ಕಂಪ್ಯೂಟರ್ ಮೇಡಮ್ಮನ ಪುರಾಣ!”

ಅದಿರಿನ ಗುಡ್ಡೆಯ ಮುಂದೆ ಕುರ್ಚಿ ಹಾಕಿಸಿಕೊಂಡ ಯಾರ್ಡಿನ ಧಣಿ ಕೊಟ್ರಯ್ಯ, ಅನುಸೂಯಾ ತನ್ನ ಗೆಳೆಯನಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಮೇಲನ್ನು ಕಾಗದಕ್ಕೆ ಇಳಿಸಿಕೊಂಡು ಎಳೆದೆಳೆದು ಓದಿದ. ಕಲ್ಲು ಒಡೆಯುತ್ತಿದ್ದ ಹೆಂಗಸರ ಸುತ್ತಿಗೆಗಳು ನಿಂತವು. ಅವರ ನಡುವೆ ಅವಳ ಅವ್ವ ದುರ್ಗಕ್ಕ ಕೆಂಪು ಧೂಳಿನ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದಳು. ಅದೇ ಯಾರ್ಡಿನಲ್ಲಿ ಅದಿರು ಲಾರಿಗಳ ಪರ್ಮಿಟ್ ಟೈಪ್ ಮಾಡುವ ಇಪ್ಪತ್ತೆರಡರ ಅನುಸೂಯಾಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕೊಟ್ರಯ್ಯನಿಗೆ ಬೇಕಾದದ್ದು ಅವಳಿಂದ ಇನ್ನೊಂದು ಮೇಲ್. ಹದಿನೈದು ದಿನದ ಹಿಂದೆ ಗುಡ್ಡೆ ಜರಿದು ಎರ್ರೆಪ್ಪ ಸತ್ತಾಗ, ಅವನು ನಮ್ಮ ಕೂಲಿಯವನೇ ಅಲ್ಲ ಎಂದು ಇವನು ಕೈತೊಳೆದುಕೊಂಡಿದ್ದ. ಹಾಜರಿಯಲ್ಲಿ ಎರ್ರೆಪ್ಪನ ಹೆಸರಿದೆ ಎಂದು ಅನುಸೂಯಾ ಗುಟ್ಟಾಗಿ ಕಾರ್ಮಿಕ ಅಧಿಕಾರಿಗೆ ಬರೆದಿದ್ದಳು. ನಾಳೆ ವಿಚಾರಣೆ. ಬೇರೆಯವರು ಬರೆದರೆ ಅಲ್ಲಿ ಅಲ್ಲಗಳೆದಾಳೆಂದು ಅವಳ ಕೈಯಿಂದಲೇ ಬರೆಸಬೇಕಿತ್ತು.

“ಅದು ಸುಳ್ಳಂತ ಅದೇ ಐಡಿಯಿಂದ ಬರಿ. ಇಲ್ಲಾಂದ್ರ ಈ ಕಾಗದ ಚಿತ್ತವಾಡ್ಗಿ ನಳದ ಕಟ್ಟಿಗೆ ಅಂಟಸ್ತೀನಿ, ಬೋಸುಡಿ. ನಿಮ್ಮವ್ವ ಕೊಡ ಹಿಡಕೊಂಡು ಹೆಂಗ ಬರ್ತಾಳ ನೋಡಾಣ.”

ತಾಯಿ ಮಗಳಿಬ್ಬರನ್ನೂ ಜೀಪಿಗೆ ಹತ್ತಿಸಿ ಚಿತ್ತವಾಡ್ಗಿಯ ಸೈಬರ್ ಕೆಫೆಗೆ ಕರೆತಂದ. ದುರ್ಗಕ್ಕನ ಕೈಯ ಸುತ್ತಿಗೆ ಕೈಯಲ್ಲೇ ಉಳಿಯಿತು.

ಚಿತ್ತವಾಡ್ಗಿಯಲ್ಲಿ ಯಾರೂ ತಮ್ಮ ಐಡಿ ತಾವು ಮಾಡಿಕೊಂಡವರಲ್ಲ. ಸೈಬರ್ ಕೆಫೆಯ ಮುರುಗೇಶನೇ ಮಾಡಿಕೊಟ್ಟು, ಮರೆತು ಬಂದಾರೆಂದು ಎಲ್ಲರ ಪಾಸ್‌ವರ್ಡನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಪುಣ್ಯಾತ್ಮ! ಊರೇ ಹೊಗಳಿತ್ತು. ಪಿಯುಸಿ ರಿಸಲ್ಟಿಗೆ ಹೋದಾಗ ಅನುಸೂಯಾಳೂ “ಬರಕೋ ಅಣ್ಣ, ನಮ್ಮದ್ರಾಗ ಕದಿಯಾಕ ಏನೈತಿ?” ಎಂದು ನಕ್ಕಿದ್ದಳು.

ಇವತ್ತು ಮುರುಗೇಶ ತಲೆ ಎತ್ತಲಿಲ್ಲ.

“ಅಣ್ಣಾ, ಪಾಸ್‌ವರ್ಡ್ ನೀನ ಕೊಟ್ಟಿಯೇನು?”

“ಅಂಗಡಿ ಧಣೇರದವ್ವಾ. ಖಾಲಿ ಮಾಡಂದ್ರ ಎಲ್ಲಿಗೆ ಹೋಗ್ಲಿ?”

ಕೊಟ್ರಯ್ಯ ದುರ್ಗಕ್ಕನನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿದ. ತಾನು ಅನುಸೂಯಾಳ ಹೆಗಲ ಹಿಂದೆಯೇ ನಿಂತ. ಗುಟ್ಕಾ ವಾಸನೆ ಕುತ್ತಿಗೆಗೆ ತಾಗುತ್ತಿತ್ತು. ಬರೆದುಕೊಟ್ಟರೂ ಆ ಕಾಗದ ಅವನ ಜೇಬಿನಲ್ಲೇ ಇರುತ್ತದೆ, ನಾಳೆ ಮತ್ತೊಂದು ಬರೆಸುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಪಾಸ್‌ವರ್ಡ್ ಬದಲಿಸುವ ಪುಟ ತೆರೆದಳು. ಹಳೆಯದನ್ನು ಒತ್ತಿದಳು. ಹೊಸದನ್ನು ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಪಕ್ಕಕ್ಕೆ ಬಂದಿದ್ದ ಮುರುಗೇಶ ನೋಡಿದ. ಧಣಿಗೆ ತಿಳಿಸದೆ ಕೌಂಟರಿಗೆ ಮರಳಿದ.

“ಏನಲೇ ಇದು, ಬರೇ ಚುಕ್ಕಿ ಕಾಣಸ್ತಾವು? ಏನ್ ಬರದಿ, ಓದು!”

ಅನುಸೂಯಾ ಕೊನೆಯ ಗುಂಡಿ ಒತ್ತಿಬಿಟ್ಟಳು.

“ಅದು ಓದಾಕ ಬರಂಗಿಲ್ರಿ ಧಣೇರ. ಇನ್ನ ಅದು ನನಗಷ್ಟ ಗೊತ್ತು. ಎರ್ರೆಪ್ಪ ಮಾವಂದು ಬರದದ್ದು ಖರೇ ಐತಿ, ಹಂಗ ಇರ್ತೈತಿ. ಕಾಗದ ಅಂಟಸ್ತೀರಿ? ಅಂಟಸ್ರಿ.”

ಕೊಟ್ರಯ್ಯ ಜಡೆ ಹಿಡಿದು ಅವಳ ಮುಖವನ್ನು ಕೀಬೋರ್ಡಿಗೆ ಅಪ್ಪಳಿಸಿದ. “ಹೇಳಲೇ! ಹೊಸಾದು ಏನಿಟ್ಟಿ ಹೇಳು!” ತುಟಿ ಒಡೆದು ರಕ್ತ ಸೋರಿತು. ಅನುಸೂಯಾ ಬಾಯಿ ಬಿಡಲಿಲ್ಲ.

ಬಾಗಿಲಲ್ಲಿ ಬೆಳಕು ಮರೆಯಾಯಿತು. ದುರ್ಗಕ್ಕ ಸುತ್ತಿಗೆ ಹಿಡಿದು ನಿಂತಿದ್ದಳು. ಅವಳಿಗೆ ಓದಲು ಬರುವುದಿಲ್ಲ.

“ಮಗಳ ಜಡಿ ಬಿಡ್ರಿ,” ಅಂದಳು. ಆಮೇಲೆ ಕೌಂಟರಿನ ಕಡೆ ತಿರುಗಿದಳು. “ಮುರುಗೇಶ, ನಮ್ಮ ಕೇರಿ ಮಂದಿದೆಲ್ಲಾ ಬರದಿಟ್ಟು ಧಣೇರಿಗೆ ತೋರಸ್ತೀಯಲ್ಲ, ಆ ಬುಕ್ಕ ಇಲ್ಲಿ ತಾ.”