ಗರಿಷ್ಠ ಅಂದ್ರೆ

"ಬೋಳಿಮಗನೆ, ಗೆರೆ ಕಾಣಲ್ವೇನೋ? ಇನ್ನೂ ಒಂದು ಸಾಲು ಹಿಡಿಯುತ್ತೆ ಅಲ್ಲಿ. ಹಾಕೋ ಮೇಲೆ."

ಮ್ಯಾನೇಜರ್ ಬೈದದ್ದು ಕಾಳಿನ ಮೂಟೆಗಳ ಅಟ್ಟಿಯ ತುದಿಯಲ್ಲಿ ಏದುಸಿರು ಬಿಡುತ್ತಿದ್ದ ಹಮಾಲಿಯನ್ನು. ಕೆಳಗೆ ದಬ್ಬಣ ಹಿಡಿದು ಹರಿದ ಚೀಲ ಹೊಲಿಯುತ್ತಿದ್ದ ಅವನ ಹೆಂಡತಿ ತಲೆಯೆತ್ತಿದಳು. ಅಟ್ಟಿಯ ನಡು ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು.

ಉಗ್ರಾಣದ ಗೋಡೆಗೆ ಸುತ್ತಲೂ ಒಂದು ಕೆಂಪು ಗೆರೆ, ಅದರ ಮೇಲೆ 'ಗರಿಷ್ಠ' ಎಂದು ದಪ್ಪಕ್ಷರ. ಮೂಟೆ ಅದನ್ನು ದಾಟಕೂಡದೆಂದು ಯಾವ ಕಾಲದಲ್ಲೋ ಹಾಕಿಸಿದ್ದು. ಈ ಸಲ ಮಾಲು ಹೆಚ್ಚು ಬಂತು. ಮ್ಯಾನೇಜರ್ ಹಳೇ ಗೆರೆಗೆ ಸುಣ್ಣ ಬಳಿಸಿ, ಆಳೆತ್ತರ ಮೇಲಕ್ಕೆ ಹೊಸದನ್ನು ಎಳೆಸಿದ. ಪೇಂಟರ್ ಪುಣ್ಯಾತ್ಮ ಎಲ್ಲೂ ಬಿಡದೆ, ಮೂಲೆಯಲ್ಲಿದ್ದ ಮ್ಯಾನೇಜರ್ ಕೋಣೆಯ ಬಾಗಿಲ ಮೇಲೂ ಎಳೆದು ಹೋಗಿದ್ದ.

ಅವಳು ಎದ್ದು ಬಂದಳು. "ಅಟ್ಟಿ ಉಬ್ಬಿದೆ ಸಾರ್. ಅವರನ್ನ ಇಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಗರಿಷ್ಠ ಅಂದ್ರೆ ಏನು ಗೊತ್ತೇನೇ ನಿಂಗೆ? ಅಲ್ಲೀವರೆಗೂ ತುಂಬಲೇಬೇಕು ಅಂತ."

"ಕುಡಿಯೋ ನೀರಿನ ಡ್ರಮ್ ಮೇಲೂ ಅದನ್ನೇ ಬರೆಸಿದ್ದೀರಲ್ಲ, ತಲೆಗೆ ಗರಿಷ್ಠ ಎರಡು ಲೋಟ ಅಂತ. ನಿನ್ನೆ ಇನ್ನೊಂದಕ್ಕೆ ಕೈ ಹಾಕಿದ್ರೆ ಇವರ ಕೈ ಮೇಲೆ ಹೊಡೆದ್ರಿ. ಅಲ್ಲಿ ದಾಟಬಾರದು, ಇಲ್ಲಿ ಮುಟ್ಟಲೇಬೇಕಾ?"

ಹಮಾಲಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರನ ಮುಖ ಕೆಂಪಾಯಿತು.

"ನಾಲಿಗೆ ಉದ್ದ ಆಯ್ತು ಕಣೇ ನಿಂದು. ಅವನು ಇಳಿದ್ರೆ ನಾಳೆಯಿಂದ ಇಬ್ಬರಿಗೂ ಕೆಲಸ ಇಲ್ಲ."

"ಸುಮ್ನಿರೇ," ಗಂಡ ಮೇಲಿಂದ ಅಂದ. "ಇದೊಂದು ಸಾಲು ಹಾಕಿ ಇಳೀತೀನಿ."

ಅವಳು ಮತ್ತೆ ದಬ್ಬಣ ಹಿಡಿದಳು. ಮನೆಯಲ್ಲಿ ಒಲೆ ಹತ್ತಬೇಕಿತ್ತು.

ಕೊನೆಯ ಮೂಟೆ ಕೂತದ್ದೇ ತಡ, ಉಬ್ಬಿದಲ್ಲಿ ಒಂದು ಚೀಲ ಬಿರಿದು ಕಾಳು ಸುರಿಯಿತು. ಅವನ ಸಮೇತ ಅಟ್ಟಿ ಕುಸಿದು ಬಿತ್ತು. ಎಲ್ಲರೂ ಬಿದ್ದೆದ್ದು ಮೂಟೆ ಎಳೆದರು. ಮುಖ ಕಂಡಾಗ ಬಾಯಿ ತುಂಬ ಕಾಳಿತ್ತು. ಅವಳು ಬೆರಳು ಹಾಕಿ ತೆಗೆದಳು, ತೆಗೆಯುತ್ತಲೇ ಇದ್ದಳು. ಉಸಿರು ಬರಲಿಲ್ಲ.

ಮ್ಯಾನೇಜರ್ ಮೊದಲು ನೋಡಿದ್ದು ಗೋಡೆಯನ್ನು.

"ಗೆರೆ ದಾಟಿರಲಿಲ್ಲ, ಎಲ್ಲರೂ ನೋಡಿದ್ದೀರಿ. ನಮ್ಮದೇನೂ ತಪ್ಪಿಲ್ಲ. ಅವನನ್ನ ಆಚೆ ಮಲಗಿಸಿ ಮೂಟೆ ಒಟ್ಟಿ. ಲಾರಿ ಕಾಯ್ತಿದೆ."

ಅಷ್ಟು ಹೇಳಿ ಫೋನ್ ಮಾಡಲು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಕ್ಕೆ ತೆರೆಯುವ ಬಾಗಿಲು ಅದು. ಆ ಕೋಣೆಗೆ ಬೇರೆ ದಾರಿಯಿಲ್ಲ.

ಅವಳು ಗಂಡನ ಮೇಲೆ ತಾನೇ ಹೊಲಿದ ಚೀಲ ಹೊದಿಸಿದಳು. ಸೆರಗು ಸೊಂಟಕ್ಕೆ ಬಿಗಿದು ಒಂದು ಮೂಟೆಯನ್ನು ದರದರ ಎಳೆದು ತಂದು ಆ ಬಾಗಿಲಿಗೆ ಒತ್ತಿ ಇಟ್ಟಳು. ಹಿರಿಯ ಹಮಾಲಿ ಒಂದು ಗಳಿಗೆ ನೋಡಿ, ಬೆನ್ನು ಬಗ್ಗಿಸಿದ. ಉಳಿದವರು ಅವನ ಹಿಂದೆ ನಿಂತರು. ಮೂಟೆಗಳು ಬಾಗಿಲ ಅರ್ಧದವರೆಗೆ ಏರಿದ ಮೇಲೆ ಒಳಗಿಂದ ದಬದಬ ಬಡಿತ ಶುರುವಾಯಿತು.

"ಏನ್ರೋ ಮಾಡ್ತಿದ್ದೀರಿ? ತೆಗೀರೋ. ಸಾಕು ನಿಲ್ಸಿ, ಸಾಕು."

ಅವಳು ತಲೆಯೆತ್ತಿ ಬಾಗಿಲ ಮೇಲಿನ ಕೆಂಪು ಗೆರೆ ನೋಡಿದಳು.

"ಇನ್ನೂ ಮುಟ್ಟಿಲ್ಲ ಸಾರ್," ಎಂದು ಮುಂದಿನ ಮೂಟೆಗೆ ಬೆನ್ನು ಕೊಟ್ಟಳು.