ಬಲಗಡೆಯ ಟೈರಿನ ಗಾಳಿ

ತಿಥಿಗೆ ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬೆಳಿಗ್ಗೆ ಹಾಲಿನವನು ಎಂದಿನಂತೆ ಪ್ಯಾಕೆಟ್ಟುಗಳನ್ನು ಗೇಟಿಗೆ ಸಿಕ್ಕಿಸಿ ಹೋಗಿದ್ದ. ನಲ್ಲಿಯಲ್ಲಿ ನೀರು ಬಂದಿತ್ತು. ಎದುರು ಮನೆಯ ಕುಕ್ಕರ್ ಕೂಗಿತು. ಹಾಲು ತರಲು ಹೊರಗೆ ಬಂದ ಕೀರ್ತಿಗೆ ಇದೆಲ್ಲ ಹೀಗೆ ನಡೆಯುತ್ತಿರುವುದು ಸರಿಯೋ ತಪ್ಪೋ ತಿಳಿಯಲಿಲ್ಲ. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಬಂದವರೆಲ್ಲ "ಅತ್ಬುಡು ಕಣಮ್ಮ, ಹಗುರಾಯ್ತದೆ" ಎಂದು ಹೇಳಿ, ಅವಳ ಪಾಲಿನದನ್ನೂ ತಾವೇ ಅತ್ತು ಹೋಗಿದ್ದರು.

ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಟ್ರೈಲರ್ ನಿಂತಿತ್ತು. ಎಡಕ್ಕೆ ವಾಲಿತ್ತು.

ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ ಅದು. ಎರಡು ಚಕ್ರ, ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಹಿಂಬಾಗಿಲು ಎತ್ತಿದರೆ ಒಂದು ಗ್ಯಾಸ್ ಒಲೆ. ಇಲವಾಲದ ಚೆಲುವರಾಜು ಅವರದು. ಬಸ್ಸು ಓಡಿಸಿ ನಿವೃತ್ತರಾದ ಅವರು ಬೆನ್ನುನೋವಿನ ಹೆಂಡತಿಗಾಗಿ ಅದನ್ನು ಮಾಡಿಸಿದ್ದರು. ಮಂಗಳಮ್ಮನಿಗೆ ಎರಡು ಗಂಟೆ ಕೂತರೆ ಒಂದು ಗಂಟೆ ಮಲಗಲೇಬೇಕು. ಕೀರ್ತಿಯ ಗಂಡ ಸಿದ್ದೇಶ್ ಅದರ ನಕ್ಷೆ ಹಾಕಿಕೊಟ್ಟಿದ್ದ. ಆ ಸಲಿಗೆಯಲ್ಲೇ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿಗೆ ಕೀರ್ತಿಯನ್ನು ಕರೆದುಕೊಂಡು ಹೋಗುತ್ತೇನೆಂದು ಎರವಲು ತಂದಿದ್ದ. ಹೊರಡುವ ವಾರವೇ ಕಚೇರಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಕೀರ್ತಿ ಹಾಲನ್ನು ಕಾಂಪೌಂಡಿನ ಮೇಲಿಟ್ಟು ಟ್ರೈಲರಿನ ಹತ್ತಿರ ಹೋದಳು. ಬಿಸಿಲು ಬೀಳದಿರಲೆಂದು ಅವನು ಟೈರುಗಳಿಗೆ ಹೊದಿಸಿದ್ದ ಗೋಣಿಚೀಲಗಳಲ್ಲಿ ಒಂದು ಜಾರಿ ಬಿದ್ದಿತ್ತು. ಸೂತಕ ಕಳೆಯುವವರೆಗೆ ಅವನು ಮುಟ್ಟಿದ ಗಾಡಿಯನ್ನು ಯಾರೂ ಮುಟ್ಟಬಾರದು ಎಂದು ಅತ್ತೆ ಪುಟ್ಟಲಿಂಗಮ್ಮ ಹೇಳಿದ್ದರು. ಯಾರೂ ಮುಟ್ಟಿರಲಿಲ್ಲ. ಎಡಗಡೆಯ ಟೈರು ನೆಲಕ್ಕೆ ಅಂಟಿದಂತೆ ಚಪ್ಪಟೆಯಾಗಿತ್ತು.

"ಓಡೋ ಟೈರಿಗಿಂತ ಕೂತ ಟೈರೇ ಬೇಗ ಹಾಳಾಗೋದು," ಎಂದು ಸಿದ್ದೇಶ್ ಹೇಳುತ್ತಿದ್ದ. ಅವಳು ಗಂಗೋತ್ರಿಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಕಾಲೇಜಿನಲ್ಲಿ ಪಾಠ ಹೇಳುವವಳು. ಆದರೆ ಟ್ರೈಲರ್ ಬಂದಾಗಿನಿಂದ ಮುಂಜಾನೆಯ ಪಾಠ ಅವನದೇ. ಬಿಸಿಲು ಬೀಳುವ ಮುಂಚೆ, ಟೈರು ತಣ್ಣಗಿರುವಾಗಲೇ ಗಾಳಿ ಅಳೆಯಬೇಕು. ಟೈರಿನ ಮೈಮೇಲೆ ಐವತ್ತು ಎಂದಿದ್ದರೆ ಐವತ್ತೇ ಇರಬೇಕು, ಕಾರಿನ ಹಾಗೆ ಮೂವತ್ತೆರಡಲ್ಲ. ಗಾಳಿ ಕಡಿಮೆಯಾದರೆ ಟೈರು ಓಡುತ್ತ ಓಡುತ್ತ ಒಳಗೇ ಕಾದು ಸಿಡಿಯುತ್ತದೆ. ಮುಂದೆ ಜೀಪು ಓಡಿಸುವವರಿಗೆ ಅದು ತಿಳಿಯುವುದೂ ಇಲ್ಲ. "ಹಿಂದೆ ಬರೋರಿಗೆ ಬಾಯಿಲ್ಲ ಕಣೇ, ನಾವೇ ಇಳಿದು ಕೇಳ್ಬೇಕು." ಅವಳು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತು, "ಆಯ್ತು ಮೇಷ್ಟ್ರೇ" ಎನ್ನುತ್ತಿದ್ದಳು.

ಟ್ರೈಲರಿನ ಒಳಗೆ ಗಾಳಿ ಅಳೆಯುವ ಗೇಜು ಸಿಕ್ಕಿತು. ಹಿತ್ತಾಳೆಯ ಮೂತಿ, ಸವೆದ ಗಾಜು. ಅದೂ ಚೆಲುವರಾಜು ಅವರದೇ. ಬಲಗಡೆಯ ಟೈರಿಗೆ ಒತ್ತಿದಳು. ಮುಳ್ಳು ಐವತ್ತರ ಮೇಲೆ ನಿಂತಿತು.

ಅವಳು ಮತ್ತೊಮ್ಮೆ ನೋಡಿದಳು. ಆ ಭಾನುವಾರ ಬನಿಯನ್ನಿನಲ್ಲಿ ನಿಂತು, ಕಾಲಿನ ಪಂಪನ್ನು ತುಳಿಯುತ್ತ, ಏದುಸಿರು ಬಿಡುತ್ತ ಅವನು ತುಂಬಿದ ಗಾಳಿ. ಅವನ ಅಂಗಿಗಳನ್ನು ಒಗೆದಾಗಿತ್ತು. ಹಾಸಿಗೆ ಬದಲಾಗಿತ್ತು. ಇದೊಂದು ಹಾಗೇ ಇತ್ತು. ಅವಳು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಇದನ್ನು ಯಾರೂ ಮುಟ್ಟಬಾರದು ಎಂದು ಆಗಲೇ ಅವಳ ಮನಸ್ಸು ತೀರ್ಮಾನಿಸಿಬಿಟ್ಟಿತ್ತು.

ಎಡಗಡೆಯದಕ್ಕೆ ಅವಳೇ ಪಂಪು ತುಳಿದಳು. ಸೋಪಿನ ನೀರು ಸವರಿದಾಗ ವಾಲ್ವಿನ ಬಾಯಲ್ಲಿ ಗುಳ್ಳೆ ಎದ್ದಿತು. ಒಳಗಿನ ಪಿನ್ನು ಸಡಿಲಾಗಿತ್ತು, ಅಷ್ಟೇ. ಅದನ್ನು ಬಿಗಿ ಮಾಡಿ, ಗೋಣಿಚೀಲವನ್ನು ಮತ್ತೆ ಹೊದಿಸಿ ಒಳಗೆ ಹೋಗುವ ಹೊತ್ತಿಗೆ ಹಾಲು ಬಿಸಿಲಲ್ಲಿ ಬೆಚ್ಚಗಾಗಿತ್ತು.

"ಬೆಳಿಗ್ಗೆ ಬೆಳಿಗ್ಗೆ ಅದ್ರ ಜೊತೆ ಏನವ್ವಾ ನಿಂದು?" ಎಂದು ಪುಟ್ಟಲಿಂಗಮ್ಮ ಕೇಳಿದರು.

"ಗಾಳಿ ಇಳಿದಿತ್ತು ಅತ್ತೆ."

ಮಾರನೆಯ ದಿನವೂ ಅವಳು ಅಳೆದಳು. ಎರಡೂ ಐವತ್ತು. ಬೇರೇನೂ ಮಾಡಲು ತೋಚದ ಮನೆಯಲ್ಲಿ ಅದೊಂದು ಕೆಲಸವಾಯಿತು.

ಅಂದು ಮಧ್ಯಾಹ್ನ ಮಂಗಳಮ್ಮ ಫೋನ್ ಮಾಡಿದರು. ಊಟ ಆಯಿತೇ, ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳಿ, ಮಾತು ಮುಗಿದ ಮೇಲೂ ಇಡಲಾರದೆ ಹೇಳಿದರು: "ಕಾರವಾರದಲ್ಲಿ ನಮ್ ಮಗಳು ಶಾಲಿನಿ ಮಗೀಗೆ ಶುಕ್ರವಾರ ತೊಟ್ಲು ಶಾಸ್ತ್ರ ಕಣಮ್ಮ. ಮಲಗೋ ಬಸ್ಸು ಅದಂತಲ್ಲ, ಅದ್ರಲ್ಲೇ ಹೋಗವಾ ಅಂತ. ಅದು ಎತ್ತೆತ್ತಿ ಹಾಕ್ತದಂತೆ. ಹಾಕ್ಲಿ ಬುಡು, ಒಂದ್ ರಾತ್ರಿ."

ಹಿಂದಿನಿಂದ ಚೆಲುವರಾಜು ಅವರ ದನಿ ಕೇಳಿಸಿತು. "ಅವಳ ಹತ್ರ ಅದ್ಯಾಕ್ ಎತ್ತಿದೆ ಈಗ? ಬುದ್ಧಿ ಐತಾ ನಿಂಗೆ?"

ಫೋನ್ ಇಟ್ಟ ಮೇಲೆ ಕೀರ್ತಿ ಕಿಟಕಿಯಿಂದ ಟ್ರೈಲರನ್ನು ನೋಡಿದಳು. ಅವರು ಕೇಳುವುದಿಲ್ಲ. ಬೆನ್ನು ಮುರಿದರೂ ಕೇಳುವುದಿಲ್ಲ. ಟ್ರೈಲರನ್ನು ಸೋಮವಾರ ಕೊಟ್ಟುಬರಬೇಕು ಎಂದುಕೊಂಡಳು. ಹಾಗಂದುಕೊಂಡ ಕೂಡಲೇ ಬಲಗಡೆಯ ಟೈರು ನೆನಪಾಯಿತು. ಅದೂ ಹೋಗುತ್ತದೆ. ಹೋಗಲಿ, ಇದ್ದ ಹಾಗೇ ಹೋಗಲಿ.

ಪುಟ್ಟಲಿಂಗಮ್ಮ ಕೊಡಬೇಡ ಎನ್ನಲಿಲ್ಲ. ಎರವಲು ತಂದದ್ದು, ಕೊಡಲೇಬೇಕು. ಆದರೆ ದನಿ ತಗ್ಗಿಸಿ ಹೇಳಿದರು: "ನಾಗೇಂದ್ರ ಬುಟ್ಟು ಬರ್ತನೆ. ನೀನು ಬ್ಯಾಡ ಕಣವ್ವ. ಅವ್ರು ಮಗಾ ತೊಟ್ಲಿಗೆ ಹಾಕಕ್ ಹೊಂಟವ್ರೆ. ನಿಮ್ ಮಾವ ಹೋದಾಗ ನಂಗೂ ಹಿಂಗೇ ಆಯ್ತು. ಅವ್ರು ಅನ್ನೋಕ್ ಮುಂಚೆ ನಾವೇ ದೂರ ನಿಂತ್ರೆ ಅಷ್ಟು ನೋವಾಗಕ್ಕಿಲ್ಲ."

ಕೀರ್ತಿ ಅತ್ತೆಯ ಕೈ ಹಿಡಿದುಕೊಂಡಳು.

"ನಾಗೇಂದ್ರನಿಗೆ ಗಾಳಿ ಎಷ್ಟಿರಬೇಕು ಅಂತ ಗೊತ್ತಿಲ್ಲ ಅತ್ತೆ," ಎಂದಷ್ಟೇ ಹೇಳಿದಳು.

ಸೋಮವಾರ ಬೆಳಕು ಹರಿಯುವ ಮುಂಚೆ ಗಾಳಿ ಅಳೆದು, ತಂಪಿನಲ್ಲೇ ಹೊರಡೋಣವೆಂದು ಸಿದ್ಧಳಾಗಿ ಕೂತಳು. ಸಿದ್ದೇಶನ ತಮ್ಮ ನಾಗೇಂದ್ರ ಜಯಲಕ್ಷ್ಮಿಪುರಂನಿಂದ ಜೀಪು ತೆಗೆದುಕೊಂಡು ಬರುವಷ್ಟರಲ್ಲಿ ಏಳೂವರೆ ದಾಟಿತ್ತು. ಪುಟ್ಟಲಿಂಗಮ್ಮ ಬಾಗಿಲಿಗೆ ಅಡ್ಡ ನಿಂತರು. "ರಾಹುಕಾಲ ಸುರುವಾಯ್ತು. ಒಂಬತ್ತರ ಮ್ಯಾಲೆ ಹೊರಡಿ."

"ಅವ್ವಾ, ಟೈರಿಗೆ ರಾಹು ಯಾವ್ದು ಕೇತು ಯಾವ್ದು?" ಎಂದ ನಾಗೇಂದ್ರ.

"ನಿಂಗ್ ಗೊತ್ತಿದ್ರೆ ಹೊತ್ತಿಗ್ ಬರ್ತಿದ್ದೆ. ಕೂತ್ಕೊ, ಇಡ್ಲಿ ತಿನ್ನು."

ಒಂಬತ್ತಾಯಿತು. ಆಮೇಲೆ ನಿಂಬೆಹಣ್ಣು ಹುಡುಕಿದ್ದಾಯಿತು. ಎರಡು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಅವನ್ನು ಹಿಚುಕಿಕೊಂಡು ಟ್ರೈಲರ್ ಸೈಟಿನಿಂದ ಹೊರಬೀಳುವ ಹೊತ್ತಿಗೆ ಸಿದ್ಧಾರ್ಥನಗರದ ರಸ್ತೆಗಳು ಕಾದಿದ್ದವು.

"ಎರಡಕ್ಕೂ ಗಾಳಿ ಐವತ್ತಿದೆ, ಅಷ್ಟೇ ಇರಬೇಕು. ವೇಗ ಅರವತ್ತು ದಾಟಿಸಬೇಡ," ಎಂದಳು ಕೀರ್ತಿ.

"ಅಣ್ಣನೂ ಹಿಂಗೇ ಅಂತಿದ್ದ," ಎಂದ ನಾಗೇಂದ್ರ. ರಿಂಗ್ ರಸ್ತೆಯುದ್ದಕ್ಕೂ ಅವಳು ಕನ್ನಡಿಯಲ್ಲಿ ಹಿಂದಿನದನ್ನೇ ನೋಡುತ್ತ ಕೂತಳು.

ಹುಣಸೂರು ರಸ್ತೆಗೆ ತಿರುಗಿದ ಮೇಲೆ ಒಂದು ಬಂಕಿನಲ್ಲಿ ಡೀಸೆಲ್‌ಗೆ ನಿಲ್ಲಿಸಿದರು. ಕೀರ್ತಿ ನೀರಿನ ಬಾಟಲಿ ತರಲು ಹೋದಳು. ವಾಪಸು ಬರುತ್ತಿದ್ದಾಗ ಆ ಶಬ್ದ ಕೇಳಿತು. ಸಣ್ಣಗೆ, ಯಾರೋ ಹಲ್ಲಿನ ಸಂದಿಯಲ್ಲಿ ಉಸಿರು ಬಿಟ್ಟ ಹಾಗೆ.

ನಾಗೇಂದ್ರ ಬಲಗಡೆಯ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಗೇಜನ್ನು ನೆಲದ ಮೇಲಿಟ್ಟು, ಕೀಲಿಯ ತುದಿಯಿಂದ ವಾಲ್ವನ್ನು ಒತ್ತಿ ಹಿಡಿದಿದ್ದ.

ಅವಳು ಓಡಿದಳು. ಬಾಟಲಿ ಎಲ್ಲೋ ಬಿತ್ತು. ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಎಳೆದಳು. "ಬಿಡು. ಕೈ ತೆಗಿ. ತೆಗಿ ಅಂದೆ."

ಡೀಸೆಲ್ ಹಾಕುತ್ತಿದ್ದವರು ತಿರುಗಿ ನೋಡಿದರು.

"ಅತ್ತಿಗೆ, ಗೇಜು ಐವತ್ತೇಳು ತೋರಿಸ್ತಿತ್ತು," ಎಂದ ನಾಗೇಂದ್ರ ಗಾಬರಿಯಿಂದ. "ನೀವೇ ಐವತ್ತು ಅಂದ್ರಲ್ಲ. ಸಿಡಿದುಬಿಟ್ರೆ ಅಂತ ಭಯ ಆಯ್ತು."

"ಓಡಿ ಬಂದ ಟೈರು ಕಾದಿರುತ್ತೆ. ಕಾದಾಗ ಹೆಚ್ಚು ತೋರಿಸುತ್ತೆ. ಅದು ಇರಬೇಕಾದ್ದೇ ಹಾಗೆ. ಈಗ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಆಗುತ್ತೆ. ಆ ಕಡಿಮೆ ಗಾಳಿಯಲ್ಲಿ ಅವರು ಕಾರವಾರಕ್ಕೆ ಹೋಗಬೇಕು." ಇಷ್ಟನ್ನು ಅವಳು ತರಗತಿಯಲ್ಲಿ ಹೇಳುವಂತೆ ಒಂದೇ ಸಮ ಹೇಳಿದಳು. ಆಮೇಲೆ ದನಿ ತಾನಾಗಿ ಮುರಿಯಿತು. "ಇದು ನಿಮ್ಮಣ್ಣ ತುಂಬಿದ್ದು ನಾಗೇಂದ್ರ. ಇದೊಂದನ್ನ ನಾನು ಮುಟ್ಟಿರಲಿಲ್ಲ."

ನಾಗೇಂದ್ರ ಕೈಯಲ್ಲಿದ್ದ ಕೀಲಿಯನ್ನು ನೋಡಿದ. ಟೈರನ್ನು ನೋಡಿದ. ಹಾಗೇ ನೆಲದ ಮೇಲೆ ಕೂತುಬಿಟ್ಟ. "ನಂಗೊತ್ತಿರಲಿಲ್ಲ ಅತ್ತಿಗೆ," ಎಂದ.

ಕೀರ್ತಿ ಅವನ ಪಕ್ಕದಲ್ಲಿ ಕೂತಳು. ಚಕ್ರಕ್ಕೆ ಒರಗಿದ ಅವಳ ಭುಜಕ್ಕೆ ಟೈರಿನ ಬಿಸಿ ತಾಗಿತು. ಮೈಯಿನ ಬಿಸಿಯಂತೆ. ಆಗ ಅವಳಿಗೆ ಅಳು ಬಂದಿತು. ಬಂಕಿನಲ್ಲಿ, ಹಗಲು ಹೊತ್ತಿನಲ್ಲಿ, ಲಾರಿಗಳು ಬಂದು ಹೋಗುತ್ತಿರುವಾಗ ಇಬ್ಬರೂ ಅತ್ತರು. ಯಾರೋ ಬಿದ್ದ ಬಾಟಲಿಯನ್ನು ತಂದು ಪಕ್ಕದಲ್ಲಿಟ್ಟು ಹೋದರು.

ಎದ್ದವಳು ಮುಖ ತೊಳೆದು, ಮೊದಲು ಎಡಗಡೆಯ ಟೈರನ್ನು ಅಳೆದಳು. ಐವತ್ತೇಳು. ಬಲಗಡೆಯದು ಐವತ್ತೊಂದಕ್ಕೆ ಇಳಿದಿತ್ತು. ಗಾಳಿ ಹೊಡೆಯುವವನು ಪೈಪು ಎಳೆದುಕೊಂಡು ಬಂದು, "ಎಷ್ಟ್ ಮೇಡಂ, ಮೂವತ್ತೆರಡಾ?" ಎಂದ.

"ಇಲ್ಲ. ಆ ಕಡೇದಕ್ಕೆ ಸಮ ಮಾಡಿ. ಎರಡೂ ಒಟ್ಟಿಗೇ ಬಿಸಿಯಾಗಿವೆ."

ಪೈಪು ಸುಯ್ ಎಂದಿತು. ಸಿದ್ದೇಶನ ಗಾಳಿಯೊಳಗೆ ಬಂಕಿನ ಗಾಳಿ ಸೇರಿತು. ಇನ್ನು ಅವನ್ನು ಬೇರೆ ಮಾಡಲು ಬರುವುದಿಲ್ಲ. ಮುಳ್ಳು ಮೇಲೇರುವುದನ್ನು ಅವಳು ಕಣ್ಣು ತೆಗೆಯದೆ ನೋಡಿದಳು. ಐವತ್ತೇಳಕ್ಕೆ ಬಂದಾಗ "ಸಾಕು" ಎಂದು ಮುಚ್ಚಳವನ್ನು ತಾನೇ ತಿರುಗಿಸಿದಳು.

ಇಲವಾಲದಲ್ಲಿ ಚೆಲುವರಾಜು ಅವರ ಮನೆ ಮುಂದೆ ಜೀಪು ನಿಂತಾಗ ಅವರು ಟವಲ್ಲಿನಲ್ಲೇ ಹೊರಗೆ ಬಂದರು. "ಇದ್ಯಾಕ್ ತಂದ್ರಿ? ಯಾರ್ ಕೇಳಿದ್ರು ನಿಮ್ಮನ್ನ?" ಎಂದು ಗದರಿದರು. ಗದರುತ್ತಲೇ ಕಣ್ಣೊರೆಸಿಕೊಂಡರು. ಕೀರ್ತಿ ಜೀಪಿನಿಂದ ಇಳಿದರೂ ಗೇಟಿನ ಹೊರಗೇ ನಿಂತಳು. ಬೇಡವೆಂದರೂ ಅತ್ತೆಯ ಮಾತು ಕಾಲಿಗೆ ಸಿಕ್ಕಿಕೊಂಡಿತ್ತು. ಒಳಗೆ ಮಂಚದ ಮೇಲೆ ಮಗುವಿನ ಹೊಸ ಕುಲಾವಿ, ಹಾಲು ಕುಡಿಸುವ ಬೆಳ್ಳಿಯ ಒಳಲೆ ಹರಡಿದ್ದು ಬಾಗಿಲಿನಿಂದಲೇ ಕಾಣುತ್ತಿತ್ತು.

ಟ್ರೈಲರನ್ನು ಬಿಚ್ಚಿದ್ದಾಯಿತು. ಕೀರ್ತಿ ಒಂದು ಕಲ್ಲು ತಂದು ಚಕ್ರದ ಹಿಂದೆ ಇಟ್ಟಳು.

ಮಂಗಳಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು ಮೆಲ್ಲಗೆ ಮೆಟ್ಟಿಲಿಳಿದು ಬಂದರು. ಟೈರನ್ನು ಬೆರಳಿನಿಂದ ಒತ್ತಿ ನೋಡಿದರು. "ಗಾಳಿ ಸರಿಯಾಗೈತಾ?"

"ಬಿಸಿ ಇದೆ. ತಣ್ಣಗಾದ ಮೇಲೆ ನೋಡಬೇಕು. ಹೊರಡೋ ದಿನ ಬೆಳಿಗ್ಗೆ, ಬಿಸಿಲು ಬರೋಕೆ ಮುಂಚೆ ಅಂಕಲ್‌ಗೆ ಇನ್ನೊಂದ್ಸಲ ನೋಡೋಕೆ ಹೇಳಿ."

"ಈ ಯಪ್ಪಂಗೆ ಕನ್ನಡಕ ಹಾಕಿದ್ರೂ ಮುಳ್ಳು ಕಾಣಕ್ಕಿಲ್ಲ," ಎಂದರು ಮಂಗಳಮ್ಮ. "ಸಿದ್ದೇಶನೇ ಬಂದು ನೋಡಿ ಕೊಡ್ತಿದ್ದ. ಗುರುವಾರ ನೀನ್ ಬಾ. ನೀನ್ ನೋಡಿ ಸರಿ ಅಂದ್ಮೇಲೇ ನಾವು ಹೊರಡೋದು."

"ನಮ್ಮತ್ತೆ ಹೇಳಿದ್ದು ಏನಂದರೆ... ನೀವು ಮಗುವಿನ ಶುಭಕಾರ್ಯಕ್ಕೆ ಹೊರಡ್ತಿದ್ದೀರಿ. ಹೊರಡೋ ಹೊತ್ತಲ್ಲಿ ನಾನು ಎದುರಿಗೆ..."

"ಎದುರಿಗೆ ಯಾಕ್ ನಿಂತ್ಕೊತೀಯ? ಗಾಡಿ ಬಂದು ಗುದ್ದೀತು. ಪಕ್ಕದಾಗೆ ನಿಂತ್ಕೊ," ಎಂದರು ಮಂಗಳಮ್ಮ. "ನಿಮ್ಮತ್ತೇನೂ ಕರ್ಕೊಂಬಾ. ಎಲ್ಲಾರೂ ಒಂದ್ ಲೋಟ ಕಾಫಿ ಕುಡ್ಯವಾ. ಈಗ ಒಳಗ್ ಬಾ. ನಂಗೆ ಬಾಳ ಹೊತ್ತು ನಿಲ್ಲಕ್ಕಾಗಕ್ಕಿಲ್ಲ."

ಕೀರ್ತಿ ಗೇಟು ದಾಟಿದಳು. ಬ್ಯಾಗಿನಿಂದ ಗೇಜನ್ನು ತೆಗೆದು, ಅದರ ಗಾಜನ್ನು ಸೆರಗಿನಲ್ಲಿ ಒರೆಸಿ ಚೆಲುವರಾಜು ಅವರ ಕೈಗಿಟ್ಟಳು.

"ಇಟ್ಕೊಳಮ್ಮ, ನಂಗ್ಯಾಕೆ ಇದು?" ಎಂದರು ಅವರು. "ಅವನ ಕೈಯಲ್ಲಿದ್ದದ್ದು."

"ಎರವಲು ತಂದಿದ್ರು ಅಂಕಲ್. ನಿಮ್ಮ ಹತ್ರಾನೇ ಇರಲಿ," ಎಂದಳು ಕೀರ್ತಿ. "ಗುರುವಾರ ಬೆಳಿಗ್ಗೆ ಬಂದಾಗ ಕೇಳಿ ಇಸ್ಕೊತೀನಿ."